ಬೀರುವಿನ ಹಿಂದಿನ ಐದು ಬೀದಿ

ಊರು ಬೆಳೆಯುವುದು ಹೇಗೆ ಎಂದು ಕೇಳಿದರೆ ತಿಳಿದವರು ನದಿ, ವ್ಯಾಪಾರ, ರೈಲು, ಕಾರ್ಖಾನೆ ಎಂದು ನಾಲ್ಕಾರು ಕಾರಣ ಹೇಳುತ್ತಾರೆ. ಹೇಳಲಿ, ಪಾಪ. ಅವರು ನಗರ ಯೋಜನಾ ಕಚೇರಿಯ ಮೂರನೇ ನಂಬರಿನ ಕೋಣೆಯನ್ನು ನೋಡಿದವರಲ್ಲ. ಆ ಕೋಣೆಯಲ್ಲಿ ಗೋಡೆ ತುಂಬ ಊರಿನ ನಕ್ಷೆಯಿದೆ. ಯಾರು ನಿರ್ದೇಶಕರಾಗಿ ಬಂದರೂ ಮೊದಲು ಅದರ ಮುಂದೆ ನಿಂತು, ಬೆತ್ತ ಎತ್ತಿ, "ಇಲ್ಲೊಂದು ರಸ್ತೆ, ಇಲ್ಲೊಂದು ಮಾರುಕಟ್ಟೆ" ಎನ್ನುತ್ತಾರೆ. ಬೆತ್ತ ತಾಗಿದ ಕಡೆ ನಾಲ್ಕೈದು ವರ್ಷದಲ್ಲಿ ಟಾರು ಬೀಳುತ್ತದೆ. ಆರಡಿ ಎತ್ತರದ ನಿರ್ದೇಶಕರ ಕಾಲದಲ್ಲಿ ಊರು ಉತ್ತರಕ್ಕೆ ಬೆಳೆಯಿತು. ಅವರ ನಂತರ ಬಂದವರು ಗಿಡ್ಡಗಿದ್ದರು, ದಕ್ಷಿಣದವರ ಅದೃಷ್ಟ ಖುಲಾಯಿಸಿತು. ಮೂರನೆಯವರಿಗೆ ಬಲಭುಜದಲ್ಲಿ ನೋವು. ಅವರು ಎಡಗೈಯಲ್ಲಿ ಬೆತ್ತ ಹಿಡಿಯುತ್ತಿದ್ದರಾದ್ದರಿಂದ ಪಶ್ಚಿಮಕ್ಕೆ ಎರಡು ಆಸ್ಪತ್ರೆ, ಒಂದು ಮೇಲ್ಸೇತುವೆ, ಲೆಕ್ಕವಿಲ್ಲದಷ್ಟು ಬಸ್ಸು ಬಂದವು. ಇದನ್ನು ಯಾವ ಇತಿಹಾಸಕಾರನೂ ಬರೆದಿಲ್ಲ. ಅದು ಅವರ ದುರದೃಷ್ಟ.

ಪೂರ್ವಕ್ಕೆ ಮಾತ್ರ ಯಾರ ಕಾಲದಲ್ಲೂ ಏನೂ ಬರಲಿಲ್ಲ. ಪೂರ್ವದ ಅಂಚಿನಲ್ಲಿ ಐದು ಬೀದಿಗಳಿದ್ದವು. ಬೀದಿಗಳೇನೋ ನೆಟ್ಟಗಿದ್ದವು, ಮನೆಗಳೂ ಚೊಕ್ಕಟವಾಗಿದ್ದವು, ಆದರೆ ಬಸ್ಸು ಹಿಡಿಯಬೇಕೆಂದರೆ ಎರಡು ಮೈಲಿ ನಡೆಯಬೇಕಿತ್ತು. ಈ ಐದರಲ್ಲಿ ಮೂರನೇ ಬೀದಿಯ ಮೂಲೆ ಮನೆ, ಮೇಲೆ ಹೇಳಿದ ಮೂರನೇ ನಂಬರಿನ ಕೋಣೆಯ ಗುಮಾಸ್ತನದು. ನಕ್ಷೆಗಳನ್ನು ಕಾಯುವುದು ಅವನ ಉದ್ಯೋಗ. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಎಲ್ಲರಿಗೂ ಅವನು ಪ್ಲಾನಪ್ಪ.

ನಿಜ ಹೇಳಬೇಕೆಂದರೆ ಐದು ಬೀದಿಯವರೆಲ್ಲ ಅಲ್ಲಿ ಮನೆ ಕಟ್ಟಿದ್ದೇ ಪ್ಲಾನಪ್ಪನ ಮಾತು ನಂಬಿ. ಇಪ್ಪತ್ತೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ವಾರವೇ ಅವನು ನಕ್ಷೆಯ ಪೂರ್ವದ ತುದಿಯನ್ನು ನೋಡಿದ್ದ. ಅಲ್ಲಿ ಚುಕ್ಕಿ ಗೆರೆಯಲ್ಲಿ ಅಗಲವಾದ ರಸ್ತೆ, ಬಸ್ ನಿಲ್ದಾಣ, ಶಾಲೆ, ಹಸಿರು ಬಣ್ಣದ ಉದ್ಯಾನ ಎಲ್ಲ ಇದ್ದವು. ಆ ಕಚೇರಿಯಲ್ಲಿ ಚುಕ್ಕಿ ಗೆರೆ ಎಂದರೆ ಮುಂದೆ ಬರಲಿರುವುದು ಎಂದರ್ಥ. "ಕಣ್ಣಾರೆ ಕಂಡಿದ್ದೀನಿ, ಬಸ್ಸು ಮನೆ ಮುಂದೇನೇ ನಿಲ್ಲುತ್ತೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ತಾನೂ ಒಂದು ಸೈಟು ಹಿಡಿದ. ಬಸ್ಸು ಬಂದು ನಿಲ್ಲುವ ಜಾಗ ಕಾಣಲೆಂದು ಆ ಕಡೆಗೇ ದೊಡ್ಡ ಕಿಟಕಿ ಇಡಿಸಿದ. ಡ್ರಿಲ್ ಮೇಷ್ಟ್ರು ಬಂದರು, ನರ್ಸಮ್ಮ ಬಂದರು, ಲಾರಿ ಡ್ರೈವರ್ ಬಂದ, ಟೈಲರ್ ಬಂದ. ಬಸ್ಸು ಮಾತ್ರ ಬರಲಿಲ್ಲ.

ಪ್ಲಾನಪ್ಪನ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಬಿಸಿಲಿರಲಿ, ಮಳೆಯಿರಲಿ, ದಿನಾ ಎರಡು ಮೈಲಿ ಹೋಗಿ ಎರಡು ಮೈಲಿ ಬರಲು ಅವಳಿಗೊಂದು ಕಪ್ಪು ಕೊಡೆಯಿತ್ತು. ಅದರ ಬಟ್ಟೆ ಮೂರು ಸಲ ಬದಲಾಗಿತ್ತು, ಕಡ್ಡಿಗಳು ಎರಡು ಸಲ, ಹಿಡಿ ಒಂದು ಸಲ. ಆದರೂ ಅದು ಮೊದಲಿನ ಕೊಡೆಯೇ ಎಂದು ಅವಳ ವಾದ.

ಒಂದು ಭಾನುವಾರ ಗಂಡಹೆಂಡತಿ ಅವಳ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದರು. ಭಾವನಿಗೆ ನಲ್ಲಿ, ಕಮೋಡುಗಳ ಅಂಗಡಿ, ಪಶ್ಚಿಮದಲ್ಲಿ ಮನೆ. ಮನೆಯ ಬಾಲ್ಕನಿಯಿಂದ ಕೈ ಚಾಚಿದರೆ ಬಸ್ಸಿನ ತಲೆ ಸವರಬಹುದಿತ್ತು.

"ನಿನ್ನೆ ಇನ್ನೊಂದು ಬಸ್ ಬಿಟ್ಟರಪ್ಪಾ" ಎಂದ ಭಾವ, ಬಹಳ ನೊಂದವನಂತೆ. "ಯಾವುದನ್ನ ಹತ್ತೋದು, ಯಾವುದನ್ನ ಬಿಡೋದು, ಅದೇ ತಲೆನೋವು. ನಿಮ್ಮ ಕಡೆ ಆ ತಾಪತ್ರಯ ಇಲ್ಲ ಬಿಡು. ಹಾಯಾಗಿದ್ದೀರ."

ಪ್ಲಾನಪ್ಪನಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿದು ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಭಾವ, ಮುಂದಿನ ತಿಂಗಳು ಹೊಸ ಮಹಾಯೋಜನೆ ತಯಾರಾಗುತ್ತೆ. ಇನ್ನು ಇಪ್ಪತ್ತೈದು ವರ್ಷ ಊರು ಹೇಗೆ ಬೆಳೀಬೇಕು ಅಂತ ಮಂತ್ರಿಗಳೇ ಬಂದು ಸಹಿ ಹಾಕ್ತಾರೆ. ಅದರಲ್ಲಿ ನಮ್ಮ ಬೀದಿಗೆ ಬಸ್ಸು ಬಂದೇ ಬರುತ್ತೆ. ಎಲ್ಲ ನನ್ನ ಕೈ ದಾಟಿಯೇ ಹೋಗಬೇಕು, ಗೊತ್ತಾ?"

ಇದು ಪೂರ್ತಿ ಸುಳ್ಳಲ್ಲ. ವಾರಕ್ಕೊಮ್ಮೆ ನಕ್ಷೆಯ ಧೂಳು ಒರೆಸುವ ಬಟ್ಟೆ ಅವನ ಕೈಯಲ್ಲೇ ಇರುತ್ತಿತ್ತು.

ಹೆಂಡತಿ ಚಮಚ ಕೆಳಗಿಟ್ಟಳು. "ಅಣ್ಣ, ನೀನೇ ಸಾಕ್ಷಿ. ಈ ಸಲದ ಪ್ಲಾನಲ್ಲಿ ನಮ್ಮ ಬೀದಿ ಇಲ್ಲ ಅಂದ್ರೆ ಮನೆ ಮಾರಿಬಿಡ್ತೀವಿ. ನಿನ್ನ ಮಹಡಿ ಮೇಲಿನ ಎರಡು ಕೋಣೆಗೆ ಬಂದುಬಿಡ್ತೀವಿ. ನನ್ನ ಕಾಲು ಸೋತುಹೋಗಿದೆ."

"ಬನ್ನಿ ಬನ್ನಿ" ಎಂದ ಭಾವ. "ಅಲ್ಲಿ ಮಾದರಿ ಕಮೋಡುಗಳನ್ನ ಜೋಡಿಸಿದ್ದೀನಿ. ಒಂದೆರಡು ತೆಗೆಸ್ತೀನಿ."

ಪ್ಲಾನಪ್ಪನಿಗೆ ತನ್ನ ಕಿಟಕಿ ನೆನಪಾಯಿತು. ಆ ಕಿಟಕಿ ಬಿಟ್ಟು, ಕಮೋಡುಗಳ ನಡುವೆ ಕೂತು, ದಿನಾ ಬೆಳಿಗ್ಗೆ ಭಾವನ ಬಾಯಲ್ಲಿ ಬಸ್ಸಿನ ಸುದ್ದಿ ಕೇಳುತ್ತ ಮುದುಕನಾಗುವುದು! ಅವನಿಗೆ ಅಂದು ಊಟ ಸೇರಲಿಲ್ಲ.

ಹೆಂಡತಿ ಈ ವಿಷಯವನ್ನು ನರ್ಸಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಹಾಗಾಗಿ ಸೋಮವಾರ ಸಂಜೆಯ ಹೊತ್ತಿಗೆ ಐದೂ ಬೀದಿಗೆ ಗೊತ್ತಾಯಿತು. ಟೈಲರ್ ತನ್ನ ಬೋರ್ಡಿನ ಕೆಳಗೆ "ಬಸ್ ನಿಲ್ದಾಣದ ಎದುರು" ಎಂದು ಬರೆಸಿದ. ಲಾರಿ ಡ್ರೈವರ್ ಬೀದಿಯ ತಿರುವಿನಲ್ಲಿ ನಿಂತು, ಬಸ್ಸು ಇಲ್ಲಿ ಸಲೀಸಾಗಿ ತಿರುಗಬೇಕಾದರೆ ಯಾರ ಯಾರ ಮೆಟ್ಟಿಲು ಒಡೆಯಬೇಕು ಎಂದು ಕೈ ಚಾಚಿ ಅಳೆದ. ಬಡಾವಣೆ ಸಂಘದ ಅಧ್ಯಕ್ಷರಾದ ಡ್ರಿಲ್ ಮೇಷ್ಟ್ರು ಮಾತ್ರ ಎಲ್ಲರಿಗಿಂತ ಮುಂದೆ ಯೋಚಿಸಿದರು. ಇಪ್ಪತ್ತೆರಡು ವರ್ಷದಿಂದ ಬಸ್ಸೇ ಕಾಣದ ಬಡಾವಣೆಯವರು ಅದು ಬಂದ ದಿನ ನೂಕುನುಗ್ಗಲು ಮಾಡಿ ಮರ್ಯಾದೆ ಕಳೆಯಬಾರದು! ಅವರು ಮೈದಾನದಲ್ಲಿ ಎರಡು ಬೆಂಚುಗಳನ್ನು ಉದ್ದಕ್ಕೆ ಹಾಕಿ, ಕತ್ತಿನ ಸೀಟಿ ಊದಿ, ದಿನಾ ಸಂಜೆ ಬಸ್ ಹತ್ತುವ ಅಭ್ಯಾಸ ಶುರುಮಾಡಿದರು.

"ಹಿಂದಿನ ಬಾಗಿಲು ಹತ್ತೋಕೆ, ಮುಂದಿನದು ಇಳಿಯೋಕೆ! ನರ್ಸಮ್ಮ, ಎಡಗಾಲು ಮೊದಲು! ಪ್ಲಾನಪ್ಪೋರೆ, ಬಸ್ಸು ತಂದೋರು ನೀವು, ನೀವೇ ತಪ್ಪು ಬಾಗಿಲಲ್ಲಿ ಹತ್ತಿದರೆ ಹೇಗೆ?"

ಪ್ಲಾನಪ್ಪ ಇಳಿದು ಮತ್ತೆ ಹತ್ತಿದ. ಎರಡು ಬೆಂಚು ಮತ್ತು ಮೂವತ್ತು ಜನರ ಆ ಬಸ್ಸಿನಲ್ಲಿ ನಿಂತಾಗ ಅವನಿಗೆ ಬೆವರು ಕಿತ್ತುಕೊಂಡು ಬಂತು. ಇವರೆಲ್ಲ ತನ್ನ ಮಾತು ನಂಬಿ ಎರಡನೇ ಸಲ ಮೋಸ ಹೋದರೆ, ಮನೆ ಮಾರದಿದ್ದರೂ ಊರು ಬಿಡಬೇಕಾಗುತ್ತದೆ.

ಮರುದಿನ ಕಚೇರಿಗೆ ಹೋದವನೇ ನಕ್ಷೆಯ ಮುಂದೆ ನಿಂತ. ಇಪ್ಪತ್ತೆರಡು ವರ್ಷ ಅದರ ಧೂಳು ಒರೆಸಿದ್ದರೂ ಅದರಲ್ಲಿ ತನ್ನ ಮನೆಯನ್ನು ಹುಡುಕುವ ಪ್ರಸಂಗ ಬಂದಿರಲಿಲ್ಲ. ಮನೆ ಎಲ್ಲಿದೆ ಎಂದು ಅವನಿಗೆ ಹೇಗೂ ಗೊತ್ತಿತ್ತಲ್ಲ! ಬೆರಳಿಟ್ಟು ಪಶ್ಚಿಮದಿಂದ ಹೊರಟ. ಭಾವನ ಮನೆ ದಾಟಿದ, ದೊಡ್ಡ ಮಾರುಕಟ್ಟೆ ದಾಟಿದ, ಹೆಂಡತಿಯ ಅಂಚೆ ಕಚೇರಿ ದಾಟಿದ, ಅವಳು ಬಸ್ ಹಿಡಿಯುವ ನಿಲ್ದಾಣಕ್ಕೆ ಬಂದ. ಅಲ್ಲಿಂದ ಎರಡು ಮೈಲಿ ಪೂರ್ವಕ್ಕೆ ಹೋಗಬೇಕೆನ್ನುವಾಗ ಬೆರಳಿಗೆ ತಣ್ಣಗೆ ಕಬ್ಬಿಣ ತಾಗಿತು.

ಅದು ಬೀರು. ಏಳಡಿ ಎತ್ತರದ ಉಕ್ಕಿನ ಬೀರು, ಅದರ ತಲೆಯ ಮೇಲೆ ಸೂರು ಮುಟ್ಟುವಂತೆ ಹಳೆಯ ನಕ್ಷೆಗಳ ಸುರುಳಿಗಳು. ನಕ್ಷೆಯ ಬಲತುದಿ, ಅಂದರೆ ಊರಿನ ಪೂರ್ವದಂಚು ಪೂರ್ತಿ, ಅದರ ಹಿಂದೆ ಅಡಗಿತ್ತು. ಐದು ಬೀದಿಯನ್ನು ಸರ್ಕಾರ ಕಡೆಗಣಿಸಿರಲಿಲ್ಲ, ನೋಡಿಯೇ ಇರಲಿಲ್ಲ.

ಬಸ್ಸು ಬೇಕು ಎಂದು ಬಡಾವಣೆಯವರು ವರ್ಷಕ್ಕೆ ಎರಡು ಸಲ ಕೊಟ್ಟ ಅರ್ಜಿಗಳೂ ಆ ಬೀರುವಿನಲ್ಲೇ ಇದ್ದವು. ಅವುಗಳನ್ನು ಮನೆಯಲ್ಲಿ ಕೂತು ಬರೆದವನೂ ಪ್ಲಾನಪ್ಪ, ಕಚೇರಿಯಲ್ಲಿ ಮೊಹರು ಒತ್ತಿದವನೂ ಪ್ಲಾನಪ್ಪ, ಬೀರುವಿನಲ್ಲಿಟ್ಟು ಬೀಗ ಹಾಕಿದವನೂ ಪ್ಲಾನಪ್ಪ. ಅರ್ಜಿ ಹೆಚ್ಚಿದಷ್ಟೂ ಬೀರು ಭಾರವಾಗುತ್ತ ಹೋಗಿತ್ತು.

ಅಷ್ಟರಲ್ಲಿ ನಿರ್ದೇಶಕರು ಬಂದು ಮಹಾಯೋಜನೆಗೆಂದು ಬೆತ್ತ ಆಡಿಸತೊಡಗಿದರು. ಬೆತ್ತ ಪೂರ್ವಕ್ಕೆ ಬಂದು ಬೀರುವಿಗೆ ಬಡಿದು 'ಠಣ್' ಎಂದಿತು. "ಸರಿ, ಇಲ್ಲಿಗೆ ಊರು ಮುಗೀತು" ಎಂದು ಅವರು ಹಿಂದಕ್ಕೆ ತಿರುಗಿದರು.

"ಸಾರ್, ಊರು ಇನ್ನೂ ಇದೆ" ಎಂದ ಪ್ಲಾನಪ್ಪ.

"ಎಲ್ಲಿದೆ?"

"ಬೀರು ಹಿಂದೆ, ಸಾರ್."

"ಬೀರು ಹಿಂದೆ ಇರೋದು ಗೋಡೆ ಕಣ್ರೀ" ಎಂದು ನಿರ್ದೇಶಕರು ಕರುಣೆಯಿಂದ ಅವನ ಬೆನ್ನು ತಟ್ಟಿದರು. "ರಜೆ ಏನಾದ್ರೂ ಬಾಕಿ ಇದೆಯಾ? ತಗೊಳ್ಳಿ."

ಸರ್ಕಾರದ ಬೀರುವನ್ನು ಸುಮ್ಮನೆ ಸರಿಸಲು ಬರುತ್ತದೆಯೇ? ಪ್ಲಾನಪ್ಪ ಸ್ವತ್ತು ವಿಭಾಗಕ್ಕೆ ಹೋದ. ಅಲ್ಲಿನ ಮೇಲ್ವಿಚಾರಕಿ ಕನ್ನಡಕವನ್ನು ದಾರ ಕಟ್ಟಿ ಕತ್ತಿಗೆ ಹಾಕಿಕೊಂಡವರು, ಕಚೇರಿಯ ಕುರ್ಚಿ ಮೇಜುಗಳನ್ನು ಸ್ವಂತ ಮಕ್ಕಳಂತೆ ಕಂಡವರು. ದಪ್ಪ ರಿಜಿಸ್ಟರ್ ತೆರೆದು ಬೆರಳಾಡಿಸಿದರು.

"ಬೀರು ಸಂಖ್ಯೆ ಹದಿನಾಲ್ಕು. ಮೂರನೇ ಕೋಣೆ, ಬಾಗಿಲ ಪಕ್ಕ. ಸರಿಯಾಗಿದೆಯಲ್ಲ?"

"ಇಲ್ಲಮ್ಮಾ, ಈಗ ಅದು ನಕ್ಷೆ ಮುಂದೆ ಇದೆ. ಅದನ್ನ ಬಾಗಿಲ ಪಕ್ಕಕ್ಕೆ ಸಾಗಿಸೋಕೆ ಒಂದು ಆರ್ಡರ್ ಬೇಕಾಗಿತ್ತು."

"ಬಾಗಿಲ ಪಕ್ಕ ಇರೋದನ್ನ ಬಾಗಿಲ ಪಕ್ಕಕ್ಕೇ ಸಾಗಿಸೋಕೆ ಆರ್ಡರ್ ಕೊಡೋದಾ? ನಾಳೆ ಲೆಕ್ಕ ತಪಾಸಣೆಯವರು ಬಂದರೆ ನನ್ನ ಮುಖಕ್ಕೆ ಉಗೀತಾರೆ."

"ಅಮ್ಮಾ, ಒಂದು ಸಲ ಬಂದು ಕಣ್ಣಿಂದ ನೋಡಿ."

"ನಾನ್ಯಾಕೆ ನೋಡಲಿ? ನೋಡಿದರೆ ನನಗೆ ಗೊತ್ತಾಗುತ್ತೆ. ಗೊತ್ತಾದರೆ ಕ್ರಮ ತಗೋಬೇಕಾಗುತ್ತೆ." ಆಕೆ ಕನ್ನಡಕ ಏರಿಸಿಕೊಂಡರು. "ಆಯ್ತು, ನೀವು ಹೇಳಿದ್ದೇ ನಿಜ ಅಂದುಕೊಳ್ಳೋಣ. ಹಾಗಾದರೆ ಅಪ್ಪಣೆ ಇಲ್ಲದೆ ಅದನ್ನ ಸರಿಸಿದೋರು ಯಾರು?"

ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಪ್ಲಾನಪ್ಪನ ಕಣ್ಣ ಮುಂದೆ ಬಂತು. ಹೊಸ ಕೆಲಸ, ಹೊಸ ಕುರ್ಚಿ. ನಕ್ಷೆಯ ಬಲತುದಿಗೆ ಹೊಂದಿಕೊಂಡ ಕಿಟಕಿಯಿಂದ ಊಟದ ನಂತರ ಚುರುಚುರು ಎನ್ನುವ ಬಿಸಿಲು ನೇರ ಅವನ ಕತ್ತಿನ ಮೇಲೆ. ಬಾಗಿಲ ಪಕ್ಕದಲ್ಲಿ ಒಂದು ಖಾಲಿ ಬೀರು. ಜವಾನನಿಗೆ ಟೀ ಕುಡಿಸಿ, ಇಬ್ಬರೂ ಸೇರಿ ಅದನ್ನು ನೂಕಿ ಕಿಟಕಿಗೆ ಅಡ್ಡ ನಿಲ್ಲಿಸಿದ್ದರು. ಎಂಥ ತಂಪು! ಅಂದು ಮಧ್ಯಾಹ್ನ ಅವನು ಸೊಗಸಾಗಿ ತೂಕಡಿಸಿದ್ದ. ಅದಕ್ಕೆ ಮೂರು ದಿನ ಮೊದಲಷ್ಟೇ ಅವನು ಸೈಟು ಹಿಡಿದಿದ್ದ.

"ಗೊತ್ತಿಲ್ಲಮ್ಮಾ" ಎಂದ ಸಣ್ಣ ದನಿಯಲ್ಲಿ.

"ಗೊತ್ತಿಲ್ಲದಿದ್ದರೆ ಪತ್ತೆ ಮಾಡಿ. ನಿಮ್ಮನ್ನೇ ವಿಚಾರಣಾಧಿಕಾರಿ ಮಾಡ್ತಾ ಇದ್ದೀನಿ" ಎಂದು ಅವರು ಅಲ್ಲೇ ಒಂದು ಚೀಟಿ ಬರೆದು ಕೈಗಿತ್ತರು. "ಯಾರನ್ನೂ ಬಿಡಬೇಡಿ. ಬುಡಸಮೇತ ಹಿಡೀರಿ."

ಹೀಗೆ ಕಳ್ಳನೂ ತಾನೇ, ಪೊಲೀಸೂ ತಾನೇ ಆಗಿ ಪ್ಲಾನಪ್ಪ ಎರಡು ಮೈಲಿ ನಡೆದು ಮನೆಗೆ ಬಂದ. ಅಂದು ಸಂಜೆ ಬಸ್ ಅಭ್ಯಾಸ ಮುಗಿದ ಮೇಲೆ ಎಲ್ಲರೂ ಬೆಂಚಿನ ಮೇಲೆ ಕೂತಿದ್ದಾಗ ಅರ್ಧ ಸತ್ಯ ಹೇಳಿದ. ಬೀರು ಅಡ್ಡವಿದೆ ಎಂಬ ಅರ್ಧ. ಯಾರು ತಂದಿಟ್ಟರು ಎಂಬ ಉಳಿದರ್ಧವನ್ನು ನುಂಗಿಕೊಂಡ.

"ಒಂದು ಬೀರು?" ಎಂದರು ನರ್ಸಮ್ಮ. "ಒಂದು ಬೀರುವಿಗೋಸ್ಕರ ನಾನು ಇಪ್ಪತ್ತೆರಡು ವರ್ಷ ನಡೆದೆನಾ?"

"ಯಾವ ಪಾಪಿ ಅದನ್ನ ಅಲ್ಲಿಟ್ಟನೋ" ಎಂದ ಟೈಲರ್, ಕೈಯಲ್ಲಿದ್ದ ಕತ್ತರಿಯನ್ನು ಗಾಳಿಯಲ್ಲಿ ಆಡಿಸುತ್ತ.

"ಅವನ ಕೈ ಸೇದಿಹೋಗ" ಎಂದಳು ಪ್ಲಾನಪ್ಪನ ಹೆಂಡತಿ, ಮನಸಾರೆ. ಪ್ಲಾನಪ್ಪ ತನ್ನ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡ.

ಡ್ರಿಲ್ ಮೇಷ್ಟ್ರು ಸೀಟಿ ಊದಿದರು. "ಇದರಲ್ಲಿ ಅಳೋದೇನಿದೆ? ಬೀರು ಅಂದ್ರೆ ನೂಕೋ ವಸ್ತು. ಮಂತ್ರಿಗಳು ಬರೋ ದಿನ ಎಲ್ಲರೂ ಕಚೇರಿಗೆ ಹೋಗೋಣ. ಮೊದಲು ಕೈ ಮುಗಿದು ಕೇಳೋಣ. ಕೊಡದಿದ್ದರೆ ನೂಕೋಣ."

ಮಂತ್ರಿಗಳು ಬರುವ ದಿನ ಬಂತು. ಮೂರನೇ ಕೋಣೆಯಲ್ಲಿ ಗದ್ದಲವೋ ಗದ್ದಲ. ಮೇಜುಕುರ್ಚಿ ಸಾಗಿಸಲು ಹೇಳಿದ್ದ ಕೂಲಿಗಳು ಪತ್ತೆಯಿಲ್ಲ. ನಿರ್ದೇಶಕರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಕಾರಿಡಾರಿನಲ್ಲಿ ಶತಪಥ ತುಳಿಯುತ್ತಿದ್ದರು. ಅಷ್ಟರಲ್ಲಿ ಮೆಟ್ಟಿಲೇರಿ ಎಂಟು ಜನ ಸಾಲಾಗಿ, ಎಡಗಾಲು ಮೊದಲಿಟ್ಟು ಬಂದರು. ಮುಂದೆ ಸೀಟಿ ಹಾಕಿಕೊಂಡ ಡ್ರಿಲ್ ಮೇಷ್ಟ್ರು, ಹಿಂದೆ ಗಟ್ಟಿಮುಟ್ಟಾದ ಲಾರಿ ಡ್ರೈವರ್, ಅವನಿಗಿಂತ ಗಟ್ಟಿಮುಟ್ಟಾದ ನರ್ಸಮ್ಮ. ಡ್ರಿಲ್ ಮೇಷ್ಟ್ರು ಕೈ ಮುಗಿದು, "ಸಾರ್, ನಮ್ಮದೊಂದು ಮನವಿ" ಎಂದು ಬಾಯಿ ತೆರೆಯುವುದಕ್ಕೂ ನಿರ್ದೇಶಕರು ಹಾರಿಬೀಳುವುದಕ್ಕೂ ಸರಿಹೋಯಿತು.

"ಈಗ ಬರೋದೇನ್ರಯ್ಯಾ! ಮನವಿ ಗಿನವಿ ಆಮೇಲೆ. ಮೊದಲು ಆ ಕುರ್ಚಿ ಎತ್ತಿ, ಮೇಜು ಈ ಕಡೆ ಹಾಕಿ, ಮಂತ್ರಿಗಳು ನಿಲ್ಲೋಕೆ ಜಾಗ ಮಾಡಿ!"

ಎಂಟು ಜನ ಮುಖ ಮುಖ ನೋಡಿಕೊಂಡರು.

"ಬೀರೂ ಸರಿಸೋಣವಾ ಸಾರ್?" ಎಂದ ಲಾರಿ ಡ್ರೈವರ್.

"ಏನಾದ್ರೂ ಸರಿಸಿ! ನನ್ನನ್ನೊಬ್ಬನನ್ನ ಬಿಟ್ಟು!" ಎಂದು ಕೂಗಿ ಅವರು ಮಂತ್ರಿಗಳನ್ನು ಎದುರುಗೊಳ್ಳಲು ಕೆಳಗೆ ಓಡಿದರು.

ಇದಕ್ಕಿಂತ ಸ್ಪಷ್ಟವಾದ ಸರ್ಕಾರಿ ಆದೇಶ ಯಾರಿಗೆ ಬೇಕು? ಎಂಟು ಜನ ಬೀರುವಿಗೆ ಹೆಗಲು ಕೊಟ್ಟರು. ಅದು ಅಲುಗಲಿಲ್ಲ. "ಒಳಗೇನು ಕಲ್ಲು ತುಂಬಿದ್ದೀರಾ? ಖಾಲಿ ಮಾಡಿ" ಎಂದ ಲಾರಿ ಡ್ರೈವರ್. ಪ್ಲಾನಪ್ಪ ಬೀಗ ತೆಗೆದ. ಬಾಗಿಲು ತೆರೆದದ್ದೇ ತಡ, ಅರ್ಜಿಗಳ ಕಟ್ಟುಗಳು ದಬದಬ ಕೆಳಗೆ ಬಿದ್ದವು.

ನರ್ಸಮ್ಮ ಒಂದನ್ನು ಎತ್ತಿಕೊಂಡರು. "ಇದು ನನ್ನ ಸಹಿ ಅಲ್ವಾ?"

"ಇದು ನಂದು" ಎಂದ ಟೈಲರ್. "ಇದೂ ನಂದು. ಇದು ನಮ್ಮಪ್ಪಂದು! ಪ್ಲಾನಪ್ಪೋರೆ, ಮೇಲಕ್ಕೆ ಕಳಿಸಿದ್ದೀನಿ ಅಂದ್ರಲ್ಲ?"

"ಮೇಲಿನ ಅರೆಯಲ್ಲೇ ಇಟ್ಟಿದ್ದೆ" ಎಂದ ಪ್ಲಾನಪ್ಪ. "ಒಂದೂ ಕಳೆದುಹೋಗಿಲ್ಲ, ನೋಡಿ!"

ಅವನ ಪುಣ್ಯಕ್ಕೆ ಕೆಳಗೆ ಮಂತ್ರಿಗಳ ಕಾರು ಬಂದ ಸದ್ದಾಯಿತು. ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಖಾಲಿ ಬೀರು ಕಿರ್ರೆಂದು ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಮಾರುಕಟ್ಟೆ ದಾಟಿ, ಮೇಲ್ಸೇತುವೆ ದಾಟಿ, ಗೋಡೆಯುದ್ದಕ್ಕೂ ಸಾಗಿ ನಕ್ಷೆಯ ಎಡತುದಿಗೆ ಹೋಗಿ, ಪಕ್ಕದ ಗೋಡೆಗೆ ಡಿಕ್ಕಿ ಹೊಡೆದು ನಿಂತಿತು. ಅರ್ಜಿಗಳನ್ನು ಬಾಚಿ ಒಳಗೆ ತುಂಬಿ ಬೀಗ ಹಾಕುವುದಕ್ಕೂ ಮಂತ್ರಿಗಳು ಒಳಗೆ ಬರುವುದಕ್ಕೂ ಸರಿಹೋಯಿತು.

ಮಂತ್ರಿಗಳು ನಕ್ಷೆಯ ಮುಂದೆ ನಿಂತು ಬೆರಗಾದರು. ಉಳಿದ ಊರೆಲ್ಲ ಬಿಸಿಲು ಧೂಳು ತಿಂದು ಹಳೇ ಗೋಣಿಯ ಬಣ್ಣಕ್ಕೆ ತಿರುಗಿತ್ತು. ಪೂರ್ವದಂಚಿನ ಪಟ್ಟಿ ಮಾತ್ರ ನಿನ್ನೆ ಬಣ್ಣ ಹಾಕಿದಂತೆ ಫಳಫಳ ಹೊಳೆಯುತ್ತಿತ್ತು. ಹಸಿರೆಂದರೆ ಹಸಿರು, ಹಳದಿಯೆಂದರೆ ಹಳದಿ. ಅಗಲವಾದ ಚುಕ್ಕಿ ರಸ್ತೆ, ಬಸ್ ನಿಲ್ದಾಣ, ಶಾಲೆ, ಉದ್ಯಾನ.

"ಇದು, ಇದು ಯೋಜನೆ ಅಂದ್ರೆ!" ಎಂದರು ಮಂತ್ರಿಗಳು. "ಇಡೀ ನಕ್ಷೆಯಲ್ಲಿ ಇದೊಂದೇ ಹೊಸದಾಗಿದೆ. ಯಾರದು ಈ ಕಲ್ಪನೆ?"

ನಿರ್ದೇಶಕರು ಆ ಪಟ್ಟಿಯನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದರು. ಆದರೂ ಅವರು ಸುಮ್ಮಸುಮ್ಮನೆ ನಿರ್ದೇಶಕರಾದವರಲ್ಲ. ಗಂಟಲು ಸರಿಮಾಡಿಕೊಂಡು, "ನಮ್ಮ ಇಲಾಖೆಯ ದೂರದೃಷ್ಟಿ ಸಾರ್" ಎಂದರು.

"ಕೆಲಸ ಎಲ್ಲಿಗೆ ಬಂದಿದೆ?"

"ಅಂತಿಮ ಹಂತ ಸಾರ್."

"ಅಂತಿಮ ಹಂತ ಅಂದ್ರೆ?"

ನಿರ್ದೇಶಕರು ಸೂರು ನೋಡಿದರು. ಬೀರುವಿನ ಪಕ್ಕದಿಂದ ಡ್ರಿಲ್ ಮೇಷ್ಟ್ರು ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದರು. "ಅಲ್ಲಿನ ಜನ ಬಸ್ ಹತ್ತೋ ಅಭ್ಯಾಸ ಮುಗಿಸಿದ್ದಾರೆ ಸಾರ್! ಇನ್ನು ಬಸ್ಸೊಂದು ಬರೋದು ಬಾಕಿ!"

"ನೋಡ್ರೀ!" ಎಂದು ಮಂತ್ರಿಗಳು ನಿರ್ದೇಶಕರ ಭುಜ ಹಿಡಿದು ಅಲುಗಿಸಿದರು. "ನಿಮ್ಮ ಕೂಲಿಯವರಿಗೂ ಯೋಜನೆ ಬಾಯಿಪಾಠ ಆಗಿದೆ. ಇನ್ನು ಮೂರು ತಿಂಗಳಲ್ಲಿ ಬಸ್ಸು ಓಡಬೇಕು. ನಾನೇ ಬಂದು ನೋಡ್ತೀನಿ." ಹೀಗೆ ಹೇಳಿ ಸಹಿ ಹಾಕಿದರು. ಎಡತುದಿಯಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ, ಕಾಣದ್ದನ್ನು ಯಾರು ಕೇಳುತ್ತಾರೆ?

ಮೂರು ತಿಂಗಳಿಗೆ ಒಂದು ವಾರ ಮೊದಲೇ ಬಸ್ಸು ಬಂತು. ಪ್ಲಾನಪ್ಪನ ಮನೆ ಕಿಟಕಿಯ ಎದುರಿಗೇ ನಿಂತಿತು. ಡ್ರಿಲ್ ಮೇಷ್ಟ್ರ ಸೀಟಿಗೆ ಐದು ಬೀದಿಯವರು ಒಂದು ನಿಮಿಷ ತುಂಬುವುದರೊಳಗೆ ಹತ್ತಿ ಕೂತದ್ದನ್ನು ಕಂಡು ಚಾಲಕ ಇವರು ಮಿಲಿಟರಿಯವರಿರಬೇಕೆಂದು ಸಲಾಮು ಹೊಡೆದ. ಪ್ಲಾನಪ್ಪನ ಹೆಂಡತಿ ಕಿಟಕಿ ಪಕ್ಕ ಕೂತು, ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾನು ದಿನಾ ನಡೆಯುತ್ತಿದ್ದ ದಾರಿ ಹಿಂದಕ್ಕೆ ಓಡುವುದನ್ನು ನೋಡಿದಳು. "ರೀ, ಇಷ್ಟು ಹತ್ತಿರಾನಾ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಪ್ಲಾನಪ್ಪನಿಗೆ ಸಂತೋಷವೂ ಆಯಿತು, ಕತ್ತಿನ ಹಿಂದೆ ಏನೋ ಚುರುಕ್ ಎಂದಂತೆಯೂ ಆಯಿತು.

ಎಂಟು ತಿಂಗಳು ಕಳೆದವು. ಒಂದು ಭಾನುವಾರ ಅದೇ ಬಸ್ಸಿನಿಂದ ಭಾವ ಇಳಿದು ಬಂದ. ಮುಖ ಬಾಡಿತ್ತು, ಬೂಟಿಗೆ ಕೆಸರು ಮೆತ್ತಿತ್ತು.

"ಏನು ಹೇಳಲಪ್ಪಾ, ನಮ್ಮ ಕಡೆ ಎಲ್ಲ ನಿಂತುಹೋಗಿದೆ. ಬೀದಿ ದೀಪ ಹೋದರೆ ಹಾಕೋರಿಲ್ಲ. ಬಸ್ಸುಗಳನ್ನ ಒಂದೊಂದಾಗಿ ಈ ಕಡೆಗೆ ತಿರುಗಿಸಿಬಿಟ್ಟರು. ಎರಡನೇ ಮೇಲ್ಸೇತುವೆ ಅರ್ಧಕ್ಕೇ ನಿಂತಿದೆ, ಮೇಲೆ ಹತ್ತಿದರೆ ಆಕಾಶ. ನಾವು ಇದ್ದೀವಿ ಅನ್ನೋದೇ ಸರ್ಕಾರಕ್ಕೆ ಮರೆತುಹೋದ ಹಾಗಿದೆ. ಎಲ್ಲ ನಿನ್ನ ಕೈ ದಾಟಿ ಹೋಗುತ್ತಲ್ಲ, ಸ್ವಲ್ಪ ನೋಡಬಾರದಾ?" ಎಂದು ಜೇಬಿನಿಂದ ಒಂದು ಅರ್ಜಿ ತೆಗೆದು ಪ್ಲಾನಪ್ಪನ ಕೈಗಿಟ್ಟ.

ಇಂಥ ಗಳಿಗೆಯನ್ನು ಪ್ಲಾನಪ್ಪ ಇಪ್ಪತ್ತೆರಡು ವರ್ಷ ಕನಸು ಕಂಡಿದ್ದ. ಈಗ ಅರ್ಜಿ ಕೈಯಲ್ಲಿ ಹಿಡಿದಾಗ ಅದು ಹೋಗಿ ಸೇರುವ ಬೀರುವಿನ ಬೀಗದ ಸದ್ದು ಕಿವಿಯಲ್ಲಿ ಕೇಳಿಸಿತು. ಅವನ ಮುಖ ಬಿಳಿಚಿಕೊಂಡಿತು. ಅಂಟಿಸಿದ ಲಕೋಟೆಯನ್ನೂ ಹೊರಗಿನಿಂದಲೇ ಓದಬಲ್ಲ ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು.

"ರೀ. ಆ ಬೀರು ಈಗ ಎಲ್ಲಿದೆ?"

ಪ್ಲಾನಪ್ಪ ಎಲ್ಲವನ್ನೂ ಹೇಳಿಬಿಟ್ಟ. ಬೀರು ಈಗ ಎಲ್ಲಿದೆ ಎಂಬುದನ್ನೂ, ಮೊದಲು ಎಲ್ಲಿತ್ತು ಎಂಬುದನ್ನೂ, ನಡುವೆ ಅದನ್ನು ನೂಕಿದ ಕೈ ಯಾರದು ಎಂಬುದನ್ನೂ.

"ಅಂದ್ರೆ" ಎಂದಳು ಹೆಂಡತಿ ನಿಧಾನವಾಗಿ, "ನಿಮ್ಮ ಕತ್ತಿಗೆ ಬಿಸಿಲು ಬೀಳಬಾರದು ಅಂತ ನಾನು ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ನಡೆದೆ."

ಪ್ಲಾನಪ್ಪ ತಲೆ ಎತ್ತಲಿಲ್ಲ. ಅವಳು ಕೊಡೆ ಎತ್ತಿಕೊಂಡದ್ದು ಮಾತ್ರ ಕಾಣಿಸಿತು. ಹೊಡೆತ ಬೀಳುತ್ತದೆಂದು ಕಣ್ಣು ಮುಚ್ಚಿದ. ಬಿದ್ದದ್ದು ಹೊಡೆತವಲ್ಲ, ನಗು. ಅವಳು ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣೀರು ಬರುವಂತೆ ನಗುತ್ತಿದ್ದಳು. "ಅವನ ಕೈ ಸೇದಿಹೋಗ ಅಂದಿದ್ದೆನಲ್ಲ, ಹಿಡಿಯಿರಿ ಆ ಕೈಯಲ್ಲಿ ಇದನ್ನ!" ಎಂದು ಕೊಡೆಯನ್ನು ಅವನ ಕೈಗೆ ತುರುಕಿದಳು. "ನನಗಿನ್ನು ಬೇಡ, ಬಸ್ಸು ಮನೆ ಮುಂದೆ ಬರುತ್ತೆ. ನಾಳೆ ಬೀರುನ ಬಾಗಿಲ ಪಕ್ಕ ಇಡಿಸಿ. ಕತ್ತಿಗೆ ಬಿಸಿಲು ಬಿದ್ದರೆ ಇದನ್ನ ಬಿಚ್ಚಿಕೊಂಡು ಕೂತ್ಕೊಳ್ಳಿ."

"ನಾಳೆ ನಾನೂ ಬರ್ತೀನಿ ನೂಕೋಕೆ" ಎಂದ ಭಾವ, ಆಗಲೇ ತೋಳು ಮಡಿಸುತ್ತ. ತನ್ನ ಜೀವನದಲ್ಲಿ ಭಾರವಾದ ಪಿಂಗಾಣಿ ಎಷ್ಟು ಹೊತ್ತಿಲ್ಲ ಅವನು!

ಮರುದಿನ ಸೀಟಿ ಮೊಳಗಿತು, ಅರ್ಜಿಗಳು ಇಳಿದವು, ಬೀರು ಬಾಗಿಲ ಪಕ್ಕಕ್ಕೆ ಬಂತು. ನೂಕಿದವರಲ್ಲಿ ಭಾವನೇ ಮೊದಲಿಗ. ಪ್ಲಾನಪ್ಪ ತನ್ನ ವಿಚಾರಣಾ ವರದಿಯನ್ನು ಒಂದೇ ಸಾಲಿನಲ್ಲಿ ಬರೆದು ಸ್ವತ್ತು ವಿಭಾಗಕ್ಕೆ ಕೊಟ್ಟ: ಬೀರು ಸಂಖ್ಯೆ ಹದಿನಾಲ್ಕು ರಿಜಿಸ್ಟರಿನಲ್ಲಿ ಹೇಳಿರುವ ಜಾಗದಲ್ಲೇ ಇದೆ. ಮೇಲ್ವಿಚಾರಕಿ ಓದಿ, "ನಾನು ಅವತ್ತೇ ಹೇಳಲಿಲ್ವಾ?" ಎಂದು ಮೊಹರು ಒತ್ತಿದರು. ಅರ್ಜಿಗಳು ಈ ಸಲ ಬೀರುವಿಗೆ ಹೋಗಲಿಲ್ಲ. ಪ್ಲಾನಪ್ಪ ಅವನ್ನೆಲ್ಲ ಹೊತ್ತು ನಿರ್ದೇಶಕರ ಮೇಜಿನ ಮೇಲೆ ಪೇರಿಸಿದ, ಎಲ್ಲಕ್ಕೂ ಮೇಲೆ ಭಾವನದು.

ಮಧ್ಯಾಹ್ನ ನಿರ್ದೇಶಕರು ಬೆತ್ತ ಹಿಡಿದು ಮೂರನೇ ಕೋಣೆಗೆ ಬಂದರು. ಗುಮಾಸ್ತನೊಬ್ಬ ಸೂರಿನ ಕೆಳಗೆ ಕಪ್ಪು ಕೊಡೆ ಬಿಚ್ಚಿ ಹೆಗಲಿಗೆ ಒರಗಿಸಿಕೊಂಡು ಫೈಲು ಬರೆಯುತ್ತಿದ್ದುದನ್ನು ಕಂಡು ಒಂದು ಕ್ಷಣ ನಿಂತರು. ಏನೋ ಕೇಳಲು ಹೋಗಿ ಬಿಟ್ಟರು. ಬೆತ್ತವನ್ನು ನಕ್ಷೆಯ ಎಡತುದಿಗಿಟ್ಟು ಬಲಕ್ಕೆ ಸರಿಸುತ್ತ ಹೊರಟರು. ಭಾವನ ಮನೆ, ಅರ್ಧ ಸೇತುವೆ, ಮಾರುಕಟ್ಟೆ, ಅಂಚೆ ಕಚೇರಿ, ಐದು ಬೀದಿ. ಎಲ್ಲೂ 'ಠಣ್' ಎನ್ನಲಿಲ್ಲ. ಬೆತ್ತ ಹಿಡಿದ ಕೈಯನ್ನು ಪೂರ್ತಿ ಚಾಚಿ, ಸಾಲದೆ ಎರಡು ಹೆಜ್ಜೆ ನಡೆದು, ಕೊನೆಗೆ ನಿಂತು ಹಿಂದಿರುಗಿ ನೋಡಿದರು.

"ಏನ್ರೀ ಪ್ಲಾನಪ್ಪ, ಊರು ಇಷ್ಟು ದೊಡ್ಡದಾ?"

"ಹೌದು ಸಾರ್" ಎಂದ ಪ್ಲಾನಪ್ಪ, ಬಿಸಿಲು ಸರಿದ ಕಡೆಗೆ ಕೊಡೆಯನ್ನು ಸ್ವಲ್ಪ ತಿರುಗಿಸಿಕೊಳ್ಳುತ್ತ.